ಬೂದಿ ಮುಚ್ಚುವವರೆಗೆ ಕಾಯಿರಿ

ಸಂಜೆ ಏಳಕ್ಕೆ ಇದ್ದಿಲಿಗೆ ಬೆಂಕಿ ಹಚ್ಚಿ, ಹತ್ತಕ್ಕೆ ಬಿಸ್ಕತ್ತು ತಿಂದು ಮಲಗಿದ ಕಥೆ ಟೆಂಟು ಹೊತ್ತು ಹೋದ ಪ್ರತಿ ಗುಂಪಿನಲ್ಲೂ ಒಂದಿರುತ್ತದೆ. ನಮ್ಮದು ನಡೆದದ್ದು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ. ಮನೆಯಲ್ಲೇ ಮಸಾಲೆ ಸವರಿ ತಂದ ಎರಡು ಕಿಲೋ ಕೋಳಿ, ಒಂದು ಚೀಲ ಬ್ರಿಕೆಟ್, ಐದು ಜನ. ಐವರಿಗೂ ಬೆಂಕಿಯ ವಿಷಯದಲ್ಲಿ ಒಂದೊಂದು ಅಭಿಪ್ರಾಯ. ಒಬ್ಬ ಊದಿದ, ಒಬ್ಬ ರಟ್ಟು ಹಿಡಿದು ಬೀಸಿದ, ಇನ್ನೊಬ್ಬ ಸೀಮೆಎಣ್ಣೆ ಕೇಳಿಕೊಂಡು ತೋಟದ ಕೆಲಸಗಾರರ ಲೈನ್ ಮನೆಗಳತ್ತ ಹೋದ. ಉರಿ ಕಂಡದ್ದೇ ತಡ, ಜಾಲರಿ ಇಟ್ಟು ಕೋಳಿ ಹರಡಿದೆವು. ಅರ್ಧ ಗಂಟೆಯಲ್ಲಿ ತುಂಡುಗಳೆಲ್ಲ ಕರಿಕಪ್ಪು. ಮುರಿದು ನೋಡಿದರೆ ಮೂಳೆಯ ಪಕ್ಕದಲ್ಲಿ ಹಸಿ ಮಾಂಸ. ಅಷ್ಟು ಹೊತ್ತಿಗೆ ಉರಿಯೂ ಅಡಗಿತ್ತು, ಇನ್ನು ಆಗದು ಎಂದು ಕೈಬಿಟ್ಟೆವು. ಮಲಗುವ ಮುಂಚೆ ಒಲೆಯ ಕಡೆ ಇಣುಕಿದೆ. ಅಲ್ಲಿ ಅಡುಗೆಗೆ ಹೇಳಿ ಮಾಡಿಸಿದಂಥ ಕೆಂಡ ತಯಾರಾಗಿ ಕೂತಿತ್ತು.

ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ನಾವು ಒಳಗೊಳಗೇ ಕುದಿಯುವ ಸಿಟ್ಟಿಗೆ, ಊರಿನ ಹಳೆಯ ಜಗಳಕ್ಕೆ ಬಳಸುತ್ತೇವೆ. ಇದ್ದಿಲಿನ ಅಡುಗೆಯಲ್ಲಿ ಅದು ಹದದ ಹೆಸರು. ಬ್ರಿಕೆಟ್ ಮೇಲೆ ಬೂದಿ ಮೂಡುವ ಮುಂಚೆ ಅಡುಗೆಗೆ ಕೈಹಾಕಿದರೆ ನಮ್ಮ ಕೋಳಿಯ ಗತಿ. ಎಲ್ಲ ಮುಗಿದ ಮೇಲೆ, ಮೇಲಿನ ಬೂದಿಯನ್ನು ನಂಬಿ ಒಲೆ ಬಿಟ್ಟು ಹೊರಟರೆ ಕಾಡಿನ ಗತಿ.

ಬ್ರಿಕೆಟ್ ಯಾಕೆ, ಸೌದೆ ಯಾಕಲ್ಲ?

ಇದ್ದಿಲೆಂದರೆ ಗಾಳಿ ತಾಕದಂತೆ ಸುಟ್ಟ ಮರ. ಮರದೊಳಗಿನ ನೀರು ಮತ್ತು ಹೊಗೆಯಾಗುವ ಅಂಶಗಳು ಮೊದಲೇ ಹೊರಟುಹೋಗಿರುತ್ತವೆ. ಹೆಚ್ಚುಕಡಿಮೆ ಬರೀ ಇಂಗಾಲ ಉಳಿದಿರುವುದರಿಂದ ಅದು ಜ್ವಾಲೆಯಿಲ್ಲದೆ, ಕೆಂಡವಾಗಿ ಉರಿಯುತ್ತದೆ. ಆ ಇದ್ದಿಲನ್ನು ಪುಡಿ ಮಾಡಿ, ಪಿಷ್ಟದ ಗಂಜಿಯಂಥ ಅಂಟು ಬೆರೆಸಿ, ಅಚ್ಚಿನಲ್ಲಿ ಒತ್ತಿದರೆ ಬ್ರಿಕೆಟ್. ಅಮೆರಿಕದ ಪೆನ್ಸಿಲ್ವೇನಿಯದ ಎಲ್ಸ್‌ವರ್ತ್ ಝ್ವೋಯರ್ 1897ರಲ್ಲಿ ಇದರ ವಿನ್ಯಾಸಕ್ಕೆ ಪೇಟೆಂಟ್ ಪಡೆದ. ಅದನ್ನು ಮನೆಮನೆಗೆ ಮುಟ್ಟಿಸಿದ್ದು ಕಾರು ಕಂಪನಿಯ ಹೆನ್ರಿ ಫೋರ್ಡ್. 1920ರ ದಶಕದಲ್ಲಿ ಮಿಷಿಗನ್ನಿನ ತನ್ನ ಮರದ ಕಾರ್ಖಾನೆಯಲ್ಲಿ ರಾಶಿ ಬೀಳುತ್ತಿದ್ದ ಚೂರು, ಹೊಟ್ಟುಗಳನ್ನು ಆತ ಬ್ರಿಕೆಟ್ ಮಾಡಿಸಿ ಮಾರಿದ.

ಸೌದೆಯ ಕೆಂಡ ಒಂದು ದೊಡ್ಡದು, ಒಂದು ಚಿಕ್ಕದು. ಒಂದು ಹುಣಸೆ, ಒಂದು ಸಿಲ್ವರ್ ಓಕ್. ಎಷ್ಟು ಕಾವು ಕೊಡುತ್ತದೆ ಎಂದು ಹೇಳಲು ಅಜ್ಜಿಯ ಕೈಗುಣವೇ ಬೇಕು. ಬ್ರಿಕೆಟ್ ಎಲ್ಲವೂ ಒಂದೇ ಅಳತೆ, ಆದ್ದರಿಂದ ಕಾವನ್ನು ಎಣಿಸಬಹುದು. ಅಡುಗೆಗೆ ಬೇಕಾದ ಕಾವು ಸುಮಾರು 45 ನಿಮಿಷದಿಂದ ಒಂದು ಗಂಟೆಯವರೆಗೆ ಸಮನಾಗಿ ಸಿಗುತ್ತದೆ. ಕೈಗುಣ ಇಲ್ಲದ ನಮ್ಮಂಥವರಿಗೆ ಇಷ್ಟು ಸಾಕು.

ಕೆಂಡದ ಕಾವು ಬಹುಪಾಲು ವಿಕಿರಣವಾಗಿ, ಬಿಸಿಲಿನ ಹಾಗೆ ನೇರವಾಗಿ ಬಂದು ತಟ್ಟುತ್ತದೆ. ಹೊಸದಾಗಿ ಹೊತ್ತಿಕೊಂಡ ಬ್ರಿಕೆಟ್ ಅಲ್ಲಲ್ಲಿ ಮಾತ್ರ ಕಾದಿರುತ್ತದೆ, ಅಂಟಿನ ವಾಸನೆ ಮತ್ತು ಹೊಗೆ ಬಿಡುತ್ತಿರುತ್ತದೆ. ಮೈತುಂಬ ಬಿಳಿಬೂದಿ ಮೂಡಿತೆಂದರೆ ಸುತ್ತಲೂ ಹೊತ್ತಿಕೊಂಡಿದೆ ಎಂದರ್ಥ. ಆ ಬೂದಿಯ ತೆಳು ಹೊದಿಕೆಯೇ ಒಳಗಿನ ಇಂಗಾಲಕ್ಕೆ ಗಾಳಿ ಮೆಲ್ಲಗೆ ಸಿಗುವಂತೆ ಮಾಡಿ, ಕೆಂಡ ಭರ್ರನೆ ಉರಿದು ಮುಗಿಯದಂತೆ ತಡೆಯುತ್ತದೆ.

ಕೊಳ್ಳುವಾಗ

ನಮ್ಮಲ್ಲಿ ‘ಬ್ರಿಕೆಟ್’ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕು ಸಿಗುತ್ತವೆ. ಕಡಲೆಕಾಯಿ ಸಿಪ್ಪೆ, ಮರದ ಹೊಟ್ಟು ಒತ್ತಿ ಮಾಡಿದ ಕಂದು ಬಣ್ಣದ ದಪ್ಪ ಕಡ್ಡಿಗಳು ಕಾರ್ಖಾನೆಯ ಬಾಯ್ಲರ್‌ಗೆ ಹೋಗುವಂಥವು. ‘ವೈಟ್ ಕೋಲ್’ ಎಂದೂ ಕರೆಯುತ್ತಾರೆ. ಅದು ಇದ್ದಿಲೇ ಅಲ್ಲ. ದಟ್ಟ ಹೊಗೆ, ಎತ್ತರದ ಉರಿ. ಅಗ್ಗವೆಂದು ಚೀಲಗಟ್ಟಲೆ ತಂದು ಗ್ರಿಲ್ಲಿಗೆ ಹಾಕಬೇಡಿ. ನಿಮಗೆ ಬೇಕಾದದ್ದು ಕರಿಯ ಬಣ್ಣದ, ಮುರಿದರೆ ಒಳಗೂ ಕರಿಯಾಗಿರುವ ಇದ್ದಿಲ ಬ್ರಿಕೆಟ್. ತೆಂಗಿನ ಚಿಪ್ಪಿನಿಂದ ಮಾಡಿದ್ದು ಸಿಕ್ಕರೆ ಬಿಡಬೇಡಿ. ಹೊತ್ತಿಕೊಳ್ಳುವುದು ನಿಧಾನ, ಆದರೆ ಹೆಚ್ಚು ಹೊತ್ತು ಬಾಳುತ್ತದೆ. ಕುಲುಮೆಯವರು ಬಳಸುವ ಕಲ್ಲಿದ್ದಲು ಆಹಾರದ ಹತ್ತಿರವೂ ಬರಬಾರದು.

ಮಲೆನಾಡಿಗೆ ಹೊರಟವರು ಬ್ರಿಕೆಟ್ಟನ್ನು ಮುಚ್ಚಳವಿರುವ ಡಬ್ಬದಲ್ಲಿ ಒಯ್ಯಿರಿ. ಅದು ಗಾಳಿಯ ತೇವವನ್ನು ಹೀರುತ್ತದೆ. ಒಂದು ರಾತ್ರಿ ಇಬ್ಬನಿಯಲ್ಲಿ ಬಿಟ್ಟ ಚೀಲ ಮರುದಿನ ನಿಮ್ಮ ತಾಳ್ಮೆ ಪರೀಕ್ಷಿಸುತ್ತದೆ. ನಾಲ್ಕು ಜನರ ಒಂದು ಹೊತ್ತಿನ ಗ್ರಿಲ್ ಅಡುಗೆಗೆ ಒಂದರಿಂದ ಒಂದೂವರೆ ಕಿಲೋ ಸಾಕು.

ಚಹಾಕ್ಕೆ, ಬೆಳಗಿನ ಉಪ್ಪಿಟ್ಟಿಗೆ ಒಂದು ಸಣ್ಣ ಗ್ಯಾಸ್ ಒಲೆ ಜೊತೆಗಿರಲಿ. ಎರಡು ಲೋಟ ನೀರು ಕಾಯಿಸಲು ಬ್ರಿಕೆಟ್ ಹೊತ್ತಿಸಿಕೊಂಡು ಕೂರುವುದು ಹಟವೇ ಹೊರತು ಅಡುಗೆಯಲ್ಲ.

ಹೊತ್ತಿಸುವ ಬಗೆ

ಊದುವುದೂ ಬೇಡ, ಬೀಸುವುದೂ ಬೇಡ. ಬಿಸಿಗಾಳಿ ಮೇಲಕ್ಕೇರುತ್ತದೆ, ಏರುವಾಗ ಕೆಳಗಿನಿಂದ ತಣ್ಣನೆಯ ಗಾಳಿಯನ್ನು ಸೆಳೆಯುತ್ತದೆ. ಬ್ರಿಕೆಟ್ಟನ್ನು ಒಂದು ಕೊಳವೆಯೊಳಗೆ ಪೇರಿಸಿಟ್ಟರೆ ಆ ಸೆಳೆತವೇ ತಿದಿಯ ಕೆಲಸ ಮಾಡುತ್ತದೆ. ಇದಕ್ಕೆಂದೇ ಮಾಡಿದ ‘ಚಿಮ್ನಿ’ ಅಂಗಡಿಯಲ್ಲಿ ಸಿಗುತ್ತದೆ. ಐದು ಲೀಟರಿನ ಖಾಲಿ ಎಣ್ಣೆ ಡಬ್ಬದ ಎರಡೂ ಬಾಯಿ ಕತ್ತರಿಸಿ, ತಳದಿಂದ ನಾಲ್ಕು ಬೆರಳು ಮೇಲೆ ಎರಡು ಕಂಬಿ ಅಡ್ಡಲಾಗಿ ತೂರಿಸಿ ಅದರ ಮೇಲೆ ಜಾಲರಿ ಇಟ್ಟು, ಜಾಲರಿಯ ಕೆಳಗೆ ಸುತ್ತ ತೂತು ಹೊಡೆದರೆ ಮನೆಯಲ್ಲೇ ಆಯಿತು. ಸತುವಿನ ಲೇಪವಿರುವ ಬಕೆಟ್, ತಗಡು ಮಾತ್ರ ಬಳಸಬೇಡಿ. ಕಾದಾಗ ಬರುವ ಹೊಗೆ ವಿಷ.

1. ಒಲೆಯ ಜಾಗ ಆರಿಸಿ. ಟೆಂಟಿನಿಂದ ಕನಿಷ್ಠ ಹದಿನೈದು ಹೆಜ್ಜೆ ದೂರ, ಗಾಳಿ ಬೀಸುವ ದಿಕ್ಕಿನಲ್ಲಿ ಟೆಂಟು ಇರಬಾರದು. ಸುತ್ತ ಎರಡು ಮಾರು ಒಣಹುಲ್ಲು, ತರಗೆಲೆ ಗುಡಿಸಿ. ಹೊತ್ತಿಸುವ ಮುಂಚೆಯೇ ಎರಡು ಬಕೆಟ್ ನೀರು ಪಕ್ಕದಲ್ಲಿ ಇರಲಿ.

2. ಡಬ್ಬದ ಕೆಳಗಿನ ಖಾನೆಯಲ್ಲಿ ಎರಡು ಹಾಳೆ ಪತ್ರಿಕೆಯನ್ನು ಸಡಿಲವಾಗಿ ಮುದುರಿ ಇಡಿ. ತೇವದ ದಿನವಾದರೆ ಒಣಗಿದ ತೆಂಗಿನ ನಾರು ಸೇರಿಸಿ. ಕಾಗದವನ್ನು ಗಟ್ಟಿಯಾಗಿ ತುರುಕಿದರೆ ಗಾಳಿಯಾಡದೆ ಹೊಗೆಯಷ್ಟೇ ಬರುತ್ತದೆ.

3. ಮೇಲೆ ಬೇಕಾದಷ್ಟು ಬ್ರಿಕೆಟ್ ಎಣಿಸಿ ಹಾಕಿ, ಕೆಳಗಿನ ತೂತುಗಳಿಂದ ಎರಡು ಮೂರು ಕಡೆ ಕಡ್ಡಿ ಗೀರಿ.

4. ಬಿಟ್ಟುಬಿಡಿ. ಮೊದಲ ಐದು ನಿಮಿಷ ದಟ್ಟ ಬಿಳಿಹೊಗೆ ಬರುತ್ತದೆ, ಆಮೇಲೆ ನಿಲ್ಲುತ್ತದೆ. ಹೊಗೆ ನಿಂತಾಗ ಕೆಂಡವೂ ಆರಿತೆಂದು ತಿಳಿದು ಕೆದಕುವವರೇ ಹೆಚ್ಚು. ಆರಿರುವುದಿಲ್ಲ, ಮೇಲೆ ಕೈ ಒಡ್ಡಿದರೆ ಗೊತ್ತಾಗುತ್ತದೆ.

5. 15ರಿಂದ 20 ನಿಮಿಷದಲ್ಲಿ ಮೇಲಿನ ಸಾಲಿನ ಅಂಚುಗಳೂ ಬೂದುಬಣ್ಣಕ್ಕೆ ತಿರುಗುತ್ತವೆ. ದಪ್ಪ ಕೈಗವಸು ತೊಟ್ಟು ಇಕ್ಕಳದಲ್ಲಿ ಡಬ್ಬ ಹಿಡಿದು, ಮೈಯಿಂದ ಆಚೆಗೆ ವಾಲಿಸಿ ಸುರಿಯಿರಿ. ತೆಂಗಿನ ಚಿಪ್ಪಿನದಾದರೆ ಇನ್ನೂ ಹತ್ತು ನಿಮಿಷ ಕೊಡಿ.

ಪೆಟ್ರೋಲ್ ಎಂಬ ಪದವನ್ನು ಒಲೆಯ ಹತ್ತಿರ ಉಚ್ಚರಿಸಲೂ ಬೇಡಿ. ಅದರಲ್ಲಿ ಮೊದಲು ಹೊತ್ತಿಕೊಳ್ಳುವುದು ದ್ರವವಲ್ಲ, ನೆಲದ ಮೇಲೆ ಕಣ್ಣಿಗೆ ಕಾಣದೆ ಹರಡಿರುವ ಆವಿ. ಆರಿದೆ ಎಂದುಕೊಂಡು ಕೆಂಡದ ಮೇಲೆ ಯಾವುದೇ ಎಣ್ಣೆ ಸುರಿದರೆ ಜ್ವಾಲೆ ಕೈಯಲ್ಲಿರುವ ಬಾಟಲಿಯವರೆಗೂ ಬರಬಹುದು. ಕರ್ಪೂರದ ಒಂದೆರಡು ಬಿಲ್ಲೆ ಕಾಗದದ ನಡುವೆ ಇಡುವುದಕ್ಕೆ ಅಡ್ಡಿಯಿಲ್ಲ, ಅಡುಗೆ ಇಡುವ ಹೊತ್ತಿಗೆ ಅದರ ಸುಳಿವೂ ಇರುವುದಿಲ್ಲ.

ಜಾಲರಿಯ ಮೇಲೆ

ಕೆಂಡವನ್ನು ಒಲೆಯ ತುಂಬ ಹರಡಬೇಡಿ. ಒಂದು ಪಕ್ಕಕ್ಕೆ ಒತ್ತರಿಸಿ, ಇನ್ನೊಂದು ಪಕ್ಕ ಖಾಲಿ ಬಿಡಿ. ಕೆಂಡದ ಮೇಲಿನ ಭಾಗ ಬಣ್ಣ ಬರಿಸಲು, ಖಾಲಿ ಭಾಗ ಒಳಗೆ ಬೇಯಿಸಲು. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದಾಗ ತುಂಡನ್ನು ಸರಿಸಲು ಜಾಗವೂ ಸಿಗುತ್ತದೆ. ಉರಿಗೆ ನೀರು ಚಿಮುಕಿಸುವವರು ಬೂದಿಯನ್ನು ಹಾರಿಸಿ ಊಟಕ್ಕೆ ಬೆರೆಸುತ್ತಾರೆ, ಅಷ್ಟೇ.

ಕಾವು ಅಳೆಯಲು ಅಂಗೈ ಸಾಕು. ಜಾಲರಿಯಿಂದ ಒಂದು ಗೇಣಿಗಿಂತ ತುಸು ಕಡಿಮೆ ಎತ್ತರದಲ್ಲಿ ಕೈ ಹಿಡಿಯಿರಿ. ಎರಡು ಸೆಕೆಂಡಿಗೆ ಕೈ ಹಿಂತೆಗೆಯಬೇಕಾಯಿತೇ, ಜೋರು ಕಾವು: ಪನೀರ್, ಮುಸುಕಿನ ಜೋಳ, ದೊಣ್ಣೆ ಮೆಣಸಿನಕಾಯಿ, ತೆಳು ಮೀನು. ನಾಲ್ಕೈದು ಸೆಕೆಂಡ್ ತಡೆಯಿತೇ, ಮಧ್ಯಮ: ಕೋಳಿ, ಗುಳ್ಳ ಬದನೆ. ಎಂಟು ಹತ್ತು ಸೆಕೆಂಡ್ ಹಿಡಿಯಲು ಸಾಧ್ಯವಾದರೆ ರೊಟ್ಟಿ ಬೆಚ್ಚಗಿಡುವಷ್ಟು ಮಾತ್ರ.

ಬದನೆಕಾಯಿಯ ಮಟ್ಟಿಗೆ ನನಗೊಂದು ಪಕ್ಷಪಾತವಿದೆ. ಗ್ಯಾಸಿನ ಉರಿಯಲ್ಲಿ ಸುಟ್ಟದ್ದಕ್ಕೂ ಕೆಂಡದಲ್ಲಿ ಸುಟ್ಟದ್ದಕ್ಕೂ ಹೋಲಿಕೆಯೇ ಇಲ್ಲ. ಅಲ್ಲಲ್ಲಿ ಚುಚ್ಚಿ, ಎಣ್ಣೆ ಸವರಿ, ಮಧ್ಯಮ ಕಾವಿನಲ್ಲಿ 20–25 ನಿಮಿಷ ತಿರುಗಿಸುತ್ತ ಬನ್ನಿ. ತೊಟ್ಟಿನ ಬುಡ ಮೆತ್ತಗಾಗಿ ಕಾಯಿ ಕುಸಿದು ಕೂತಾಗ ಇಳಿಸಿ. ಹಸಿಮೆಣಸು, ಬೆಳ್ಳುಳ್ಳಿಯನ್ನೂ ಅದೇ ಕೆಂಡದಲ್ಲಿ ಸುಟ್ಟು, ಹುಣಸೆರಸ, ಬೆಲ್ಲ, ಉಪ್ಪು ಹಾಕಿ ಕಿವುಚಿದರೆ ಗೊಜ್ಜು ಸಿದ್ಧ.

ಗೆಣಸನ್ನು ಬೂದಿಯಲ್ಲಿ ಹೂಳುವ ಆಸೆ ಎಲ್ಲರಿಗೂ ಬರುತ್ತದೆ. ಸೌದೆಯ ಬೂದಿಯಲ್ಲಿ ಹೂಳಿ. ಬ್ರಿಕೆಟ್ ಬೂದಿಯಲ್ಲಿ ಅಂಟಿನ ಜೊತೆ ಸುಣ್ಣ ಮೊದಲಾದವು ಬೆರೆತಿರಬಹುದು. ಗೆಣಸನ್ನು ಫಾಯಿಲಿನಲ್ಲಿ ಸುತ್ತಿ ಕೆಂಡದ ಪಕ್ಕದಲ್ಲಿ ಇಟ್ಟರೆ ಮುಕ್ಕಾಲು ಗಂಟೆಗೆ ಬೇಯುತ್ತದೆ.

ಕೋಳಿಗೆ ಬರೋಣ. ಮೂಳೆಯಿರುವ ತುಂಡನ್ನು ಮೊದಲು ಖಾಲಿ ಪಕ್ಕದಲ್ಲಿಟ್ಟು ಮೇಲೊಂದು ಬೋಗುಣಿ ಕವುಚಿ ಅರ್ಧ ಗಂಟೆ ಬೇಯಿಸಿ, ಕೊನೆಯ ಐದು ನಿಮಿಷ ಮಾತ್ರ ಕೆಂಡದ ನೇರಕ್ಕೆ ತನ್ನಿ. ನಾವು ಮಾಡಿದ್ದು ಇದರ ತದ್ವಿರುದ್ಧ. ತುಂಡಿನ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಮುನ್ನೂರು ನಾನೂರು ರೂಪಾಯಿಯ ಚುಚ್ಚುವ ಥರ್ಮಾಮೀಟರ್ ಇದ್ದರೆ ಗಲಾಟೆಯೇ ಇಲ್ಲ. ಹಸಿ ಕೋಳಿಯ ತಟ್ಟೆಯಲ್ಲೇ ಬೆಂದದ್ದನ್ನು ಹಾಕಿಕೊಂಡರೆ ಮರುದಿನದ ಚಾರಣ ಪೊದೆಯ ಹಿಂದೆಯೇ ಮುಗಿಯುತ್ತದೆ.

ಮೇಲೂ ಕೆಂಡ, ಕೆಳಗೂ ಕೆಂಡ

ಬ್ರಿಕೆಟ್‌ನ ನಿಜವಾದ ಸೊಗಸು ಇರುವುದು ಪಾತ್ರೆಯ ಅಡುಗೆಯಲ್ಲಿ. ಮೂರು ಕಾಲಿನ, ಮುಚ್ಚಳಕ್ಕೆ ಅಂಚುಕಟ್ಟಿರುವ ಬೀಡಿನ ಪಾತ್ರೆಯನ್ನು ಅಮೆರಿಕದವರು ಡಚ್ ಅವನ್ ಎನ್ನುತ್ತಾರೆ. ಮುಚ್ಚಳದ ಮೇಲೆ ಕೆಂಡ ಹೇರಿ ಅದರಲ್ಲಿ ಬ್ರೆಡ್ಡು, ಕೇಕು ಸುಡುತ್ತಾರೆ. ನಮಗೆ ಇದು ಹೊಸದೇನಲ್ಲ. ತುಳುನಾಡಿನ ಗೆಂಡದಡ್ಯೆ, ಕಾರವಾರ ಕಡೆಯ ತವಸಳಿ, ದಮ್ ಬಿರಿಯಾನಿ ಎಲ್ಲವೂ ಮೇಲೊಂದು ಕೆಳಗೊಂದು ಕೆಂಡದ ನಡುವೆ ಆಗುತ್ತಿದ್ದವು. ಅಲ್ಲಿ ಅಂದಾಜಿತ್ತು, ಇಲ್ಲಿ ಲೆಕ್ಕವಿದೆ.

ಪಾತ್ರೆಯ ಅಡ್ಡಗಲವನ್ನು ಇಂಚಿನಲ್ಲಿ ಅಳೆಯಿರಿ. ಅದಕ್ಕೆ ಮೂರು ಕೂಡಿಸಿದಷ್ಟು ಬ್ರಿಕೆಟ್ ಮುಚ್ಚಳದ ಮೇಲೆ, ಮೂರು ಕಳೆದಷ್ಟು ಕೆಳಗೆ. ಹತ್ತು ಇಂಚಿನ ಪಾತ್ರೆಗೆ ಮೇಲೆ 13, ಕೆಳಗೆ 7. ಹನ್ನೆರಡಕ್ಕೆ 15 ಮತ್ತು 9. ಒಳಗೆ ಸುಮಾರು 165–175 ಡಿಗ್ರಿ ಸೆಲ್ಸಿಯಸ್ ಬರುತ್ತದೆ, ಕೇಕು ಸುಡುವಷ್ಟು. ಮೇಲೆ ಹೆಚ್ಚು, ಕೆಳಗೆ ಕಡಿಮೆ ಯಾಕೆ? ಕೆಳಗಿನ ಕಾವು ಮೇಲಕ್ಕೇರಿ ನೇರ ತಳಕ್ಕೆ ತಾಗುತ್ತದೆ. ಮುಚ್ಚಳದ ಮೇಲಿನ ಕೆಂಡದ ಕಾವಿನಲ್ಲಿ ಬಹಳಷ್ಟು ಆಕಾಶದ ಪಾಲು. ಎರಡೂ ಕಡೆ ಸಮ ಇಟ್ಟರೆ ತಳ ಹೊತ್ತುತ್ತದೆ. ಸಾರು, ಕೂಟು ಕುದಿಸಲು ಬಹುಪಾಲು ಕೆಂಡ ಕೆಳಗೇ ಇರಲಿ.

ಈ ಲೆಕ್ಕ ಸುಮಾರು ಐದು ಸೆಂಟಿಮೀಟರ್ ಅಗಲದ, ದಿಂಬಿನಾಕಾರದ ಬ್ರಿಕೆಟ್‌ಗೆ ಹೇಳಿದ್ದು. ನಮ್ಮಲ್ಲಿ ನಡುವೆ ತೂತಿರುವ ಉದ್ದನೆಯ ಕಡ್ಡಿಗಳೂ ಸಿಗುತ್ತವೆ. ಅವನ್ನು ಒಂದೂವರೆ ಎರಡು ಇಂಚಿಗೆ ಮುರಿದು ಎಣಿಸಿಕೊಳ್ಳಿ. ಮೊದಲ ಸಲ ಮನೆಯ ಹಿತ್ತಲಲ್ಲಿ ಮಾಡಿ ನೋಡಿದರೆ ನಿಮ್ಮ ಚೀಲದ ಬ್ರಿಕೆಟ್‌ನ ಸ್ವಭಾವ ಗೊತ್ತಾಗುತ್ತದೆ.

ಬೀಡಿನ ಪಾತ್ರೆ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯನ್ನು ಮೂರು ಕಲ್ಲಿನ ಮೇಲೆ, ಕೆಂಡಕ್ಕಿಂತ ಎರಡು ಬೆರಳು ಎತ್ತರದಲ್ಲಿ ಕೂರಿಸಿ. ಅಂಚಿರುವ ಚಪ್ಪಟೆ ಸ್ಟೀಲ್ ತಟ್ಟೆಯೇ ಮುಚ್ಚಳವಾಗಲಿ. ಪ್ರೆಶರ್ ಕುಕ್ಕರಿನ ಮುಚ್ಚಳದ ಮೇಲೆ ಯಾವ ಕಾರಣಕ್ಕೂ ಕೆಂಡ ಇಡಬೇಡಿ. ರಬ್ಬರು, ಸೇಫ್ಟಿ ವಾಲ್ವ್ ಎರಡೂ ಕರಗಿಹೋಗುತ್ತವೆ. ನಾನ್‌ಸ್ಟಿಕ್ ಪಾತ್ರೆಯೂ ಕೆಂಡಕ್ಕೆ ಹೇಳಿದ್ದಲ್ಲ.

ತವಸಳಿಯನ್ನೇ ಮಾಡಿ ನೋಡಿ. ಎರಡು ಲೋಟ ಅಕ್ಕಿ ರವೆಯನ್ನು ಮನೆಯಲ್ಲೇ ಹುರಿದು ಒಯ್ಯಿರಿ. ನಾಲ್ಕು ಲೋಟ ಸೌತೆಕಾಯಿ ತುರಿ, ಎರಡು ಲೋಟ ಬೆಲ್ಲ, ಒಂದು ಲೋಟ ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು. ಸೌತೆ ಬಿಟ್ಟ ನೀರಿನಲ್ಲೇ ಬೆಲ್ಲ ಕರಗಿಸಿ, ರವೆ ಕಾಯಿ ಬೆರೆಸಿ, ಗಟ್ಟಿಯಾಗುವವರೆಗೆ ಒಲೆಯ ಮೇಲೆ ಕೈಯಾಡಿಸಿ. ಹತ್ತು ಇಂಚಿನ ಪಾತ್ರೆಗೆ ತುಪ್ಪ ಸವರಿ ಬಾಳೆಲೆ ಹಾಸಿ ಸುರಿಯಿರಿ. ಕೆಳಗಿನ 7 ಕೆಂಡ ಪಾತ್ರೆಯ ಅಂಚಿನ ನೇರಕ್ಕೆ ಉಂಗುರದಂತೆ ಇರಲಿ, ನಟ್ಟನಡುವೆ ಒಂದೂ ಬೇಡ. ಮೇಲಿನ 13ರಲ್ಲಿ ಹೆಚ್ಚಿನವು ಅಂಚಿಗೆ, ಎರಡು ಮೂರು ನಡುವೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪಾತ್ರೆಯನ್ನು ಕಾಲು ಸುತ್ತು ಬಲಕ್ಕೆ, ಮುಚ್ಚಳವನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ. ಆಗ ಒಂದೇ ಕೆಂಡ ಒಂದೇ ಜಾಗವನ್ನು ಸುಡುವುದಿಲ್ಲ. 45–50 ನಿಮಿಷಕ್ಕೆ ಮೇಲ್ಭಾಗ ಕೆಂಪಗಾಗಿ ಅಂಚು ಬಿಡುತ್ತದೆ. ಮುಚ್ಚಳ ತೆಗೆಯುವಾಗ ವಾಲಿಸಬೇಡಿ, ಬೂದಿಯೆಲ್ಲ ಒಳಗೆ.

ಸಾಮಾನ್ಯ ತಪ್ಪುಗಳು

ಪದೇಪದೇ ಮುಚ್ಚಳ ತೆರೆದು ನೋಡುವುದು. ಸೇರಿಕೊಂಡ ಕಾವೆಲ್ಲ ಹೋಗಿ ಮತ್ತೆ ಸೇರಲು ಹೊತ್ತು ಬೇಕು.

ಕಾವು ಇಳಿದ ಮೇಲೆ ಹಸಿ ಬ್ರಿಕೆಟ್ ಹಾಕುವುದು. ಹೊಸದು ಹೊಗೆಯುಗುಳಿ ಇದ್ದ ಕಾವನ್ನೂ ತಿನ್ನುತ್ತದೆ. ಗಂಟೆಗಿಂತ ಹೆಚ್ಚಿನ ಅಡುಗೆಯಾದರೆ ಅರ್ಧ ದಾರಿಯಲ್ಲೇ ಇನ್ನೊಂದು ಡಬ್ಬ ಹೊತ್ತಿಸಿ, ಬೂದಿ ಮೂಡಿದ್ದನ್ನೇ ಸೇರಿಸಿ.

ಗಾಳಿಯನ್ನು ಮರೆಯುವುದು. ಬೆಟ್ಟದ ನೆತ್ತಿಯಲ್ಲಿ ಒಂದು ಗಂಟೆಯ ಕೆಂಡ ಅರ್ಧ ಗಂಟೆಗೆ ಮುಗಿಯಬಹುದು, ಅದೂ ಗಾಳಿಯ ಪಕ್ಕ ಮಾತ್ರ ಸುಟ್ಟು. ಗಾಳಿ ಬರುವ ಕಡೆ ಕಲ್ಲಿನ ಮರೆ ಕಟ್ಟಿ.

ಎರಡು ಎಚ್ಚರಿಕೆ, ಹಗುರಾಗಿ ತೆಗೆದುಕೊಳ್ಳಬೇಡಿ

ಮೊದಲನೆಯದು ಟೆಂಟಿನೊಳಗೆ ಕೆಂಡ ತರುವುದು. ಕೊಡಗಿನ ಡಿಸೆಂಬರ್ ಚಳಿಗೆ, ಇಲ್ಲವೇ ಹಠಾತ್ ಮಳೆಗೆ ಒಲೆಯನ್ನು ಒಳಗೆಳೆದುಕೊಳ್ಳಬೇಕೆನ್ನಿಸುವುದು ಸಹಜ. ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮಿಗಿಲಾಗಿ ಅಂಟಿಕೊಳ್ಳುತ್ತದೆ. ಹೊಗೆಯಿಲ್ಲದ, ಅರ್ಧ ಆರಿದ ಕೆಂಡವೂ ಅದನ್ನು ಬಿಡುತ್ತಲೇ ಇರುತ್ತದೆ. ಉತ್ತರ ಭಾರತದಲ್ಲಿ ಚಳಿಗಾಲ ಬಂತೆಂದರೆ, ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಎಂಬ ಇದ್ದಿಲೊಲೆ ಇಟ್ಟುಕೊಂಡು ಮಲಗಿದವರು ಏಳಲಿಲ್ಲ ಎಂಬ ಸುದ್ದಿ ಬರುತ್ತದೆ. ಟೆಂಟಿನ ಜಿಪ್ ತೆರೆದಿಟ್ಟರೆ ಸಾಕೆಂಬುದೂ ಸುಳ್ಳು. ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಎಲ್ಲರೂ ತಕ್ಷಣ ಬಯಲಿಗೆ ಬಂದು ವೈದ್ಯರ ನೆರವು ಪಡೆಯಿರಿ. ಬಳಸಿದ ಒಲೆಯನ್ನು ಕಾರಿನ ಡಿಕ್ಕಿಗೆ ತುಂಬುವಾಗಲೂ ಇದೇ ಮಾತು.

ಎರಡನೆಯದು ಕಾಡು. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಮೀಸಲು ಅರಣ್ಯದಲ್ಲೂ ಅಪರಾಧವೇ. ಇದ್ದಿಲು, ಸೌದೆ ಎಂಬ ಭೇದವಿಲ್ಲ. ಮಾಲೀಕರ ಒಪ್ಪಿಗೆಯಿರುವ ತೋಟ, ಶಿಬಿರದ ಜಾಗದಲ್ಲಿ ಮಾತ್ರ ಒಲೆ ಹೂಡಿ. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಅಲ್ಲಿಯೂ ಎರಡು ಸಲ ಯೋಚಿಸಿ. 2019ರ ಫೆಬ್ರವರಿಯಲ್ಲಿ ಬಂಡೀಪುರ ಸಾವಿರಾರು ಎಕರೆ ಸುಟ್ಟದ್ದು ಇನ್ನೂ ಹಳೆಯ ಮಾತಾಗಿಲ್ಲ. ಅಮೆರಿಕದ ಉದ್ಯಾನಗಳಲ್ಲಿ ಟೆಂಟು ಹಾಕುವ ನಮ್ಮವರೂ ಅಂದಂದಿನ ಬೆಂಕಿ ನಿಷೇಧದ ಫಲಕ ಓದಿಕೊಳ್ಳಿ. ಬೇಸಿಗೆಯಲ್ಲಿ ಬ್ರಿಕೆಟ್ಟಿಗೂ ಅದು ಅನ್ವಯಿಸುವುದುಂಟು.

ಆರಿಸುವುದು

ಅಡುಗೆಗೆ ಮುಗಿದ ಕೆಂಡ ಬೆಂಕಿಗೆ ಮುಗಿದಿರುವುದಿಲ್ಲ. ಬೂದಿಯ ಕೆಳಗೆ ಅದು ಮರುದಿನದವರೆಗೂ ಜೀವ ಹಿಡಿದಿರಬಲ್ಲದು. ಮಣ್ಣು ಮುಚ್ಚಿ ಹೋಗುವುದು ಅತಿ ಕೆಟ್ಟ ವಿಧಾನ: ಕಾವು ಒಳಗೇ ಉಳಿಯುತ್ತದೆ, ಬೆಳಿಗ್ಗೆ ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಅದು ಕಾಣುವುದಿಲ್ಲ.

ಮೊದಲು ಬೀಡಿನ ಪಾತ್ರೆಯನ್ನು ದೂರ ಸರಿಸಿ, ಕಾದ ಬೀಡಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. ಆಮೇಲೆ ಕೆಂಡದ ಮೇಲೆ ನಿಧಾನವಾಗಿ, ಮುಖ ಆಚೆ ತಿರುಗಿಸಿ ನೀರು ಹಾಕಿ. ಎದ್ದೇಳುವ ಹಬೆಯೂ ಸುಡುತ್ತದೆ. ಕೋಲಿನಿಂದ ಕಲಸಿ, ಮತ್ತೆ ನೀರು, ಮತ್ತೆ ಕಲಸು. ಸುಯ್ ಎನ್ನುವ ಸದ್ದು ನಿಂತು, ಕೆಸರಿನ ಹತ್ತಿರ ಹಿಂಗೈ ಹಿಡಿದರೆ ಬಿಸಿ ತಾಗದು ಎನ್ನುವವರೆಗೆ ಬಿಡಬೇಡಿ. ಆ ಬೂದಿಯನ್ನು ಕಾಫಿ ಗಿಡದ ಬುಡಕ್ಕೆ ಸುರಿಯದೆ ಚೀಲದಲ್ಲಿ ತುಂಬಿ ಹಿಂದೆ ತನ್ನಿ.

ನೀರು ದೂರವಿದ್ದ ಕಡೆ ನಾನು ಬಿಗಿ ಮುಚ್ಚಳದ ಒಂದು ಕಬ್ಬಿಣದ ಡಬ್ಬ ಒಯ್ಯುತ್ತೇನೆ. ಉಳಿದ ಕೆಂಡವನ್ನೆಲ್ಲ ಇಕ್ಕಳದಲ್ಲಿ ಎತ್ತಿ ಹಾಕಿ ಮುಚ್ಚಿ, ಬಂಡೆಯ ಮೇಲೆ ಬಯಲಿನಲ್ಲೇ ರಾತ್ರಿಯಿಡೀ ಬಿಡುತ್ತೇನೆ. ಗಾಳಿ ಸಿಗದೆ ಆರುತ್ತದೆ. ಬೆಳಿಗ್ಗೆ ತೆರೆದರೆ ಅರ್ಧ ಸವೆದ ಬ್ರಿಕೆಟ್‌ಗಳು ಇರುತ್ತವೆ. ಬೂದಿ ಕೊಡವಿ ಮುಂದಿನ ಸಲ ಹೊಸದರ ಮೇಲೆ ಹಾಕಿದರೆ ಬೇಗ ಹೊತ್ತಿಕೊಳ್ಳುತ್ತವೆ. ಎಣಿಸುವಾಗ ಅಂಥ ಎರಡಕ್ಕೆ ಒಂದು ಎಂದು ಹಿಡಿಯಿರಿ.